ಹೊಗೆಯಲ್ಲಿ ಹಣ್ಣು

ಮಂಡಿಯ ಆಳು ಮಾರಯ್ಯ ಕೋಣೆಯ ಬಾಗಿಲ ಸಂದಿಗೆ ಕೊನೆಯ ಹಿಡಿ ಮಣ್ಣು ಮೆತ್ತಿ ಒದ್ದೆ ಅಂಗೈಯಲ್ಲಿ ಸವರುತ್ತಿದ್ದಾಗ ಚಂಪಕ ಬಾಳೆಮಂಡಿಯೊಳಗೆ ಕಾಲಿಟ್ಟಳು. ಬೆಳಿಗ್ಗೆಯೇ ಬರಬೇಕೆಂದಿದ್ದಳು, ಅಮ್ಮನ ಕಾಫಿ, ಅಮ್ಮನ ಸ್ನಾನ, ದೇವರಿಗೆ ಹೂವು ಎಂದು ಒಂದರ ಹಿಂದೊಂದು ಸೇರಿಕೊಂಡು ಹೊತ್ತಾಗಿತ್ತು. ಗೋಣಿಚೀಲದ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಬೆಟ್ಟಸ್ವಾಮಿ ಅವಳನ್ನು ಕಂಡದ್ದೇ ಎದ್ದು ನಿಂತ. ಎಷ್ಟೇ ತಕರಾರಿರಲಿ, ಮನೆಯ ಒಡತಿ ಬಂದಾಗ ಕೂತೇ ಮಾತಾಡುವ ಜಾಯಮಾನ ಅವನದಲ್ಲ.

"ಬನ್ನಿ ತಾಯಿ. ಈಗ್ತಾನೆ ಮೆತ್ತಾಯ್ತು ನೋಡಿ. ಅಣ್ಣು ಒಗೇಲಿ ಅದೆ, ಏನ್ ಮಾಡದು."

"ಹೋದ ವಾರ ಬಂದಾಗಲೂ ಇದೇ ಮಾತು ಹೇಳಿದ್ರಿ ಸಾಹುಕಾರ್ರೇ."

"ಓದ್ವಾರ ಎಡಗಡೆ ಕೋಣೆ. ಇದು ಬಲಗಡೇದು."

"ಹಾಗಾದ್ರೆ ಎಡಗಡೇದು ಖಾಲಿ ಇರಬೇಕಲ್ಲ?"

"ಎಲ್ ಖಾಲಿ? ಅದ್ರಲ್ಲೂ ಅದೆ. ಅದ್ನ ಬಿಚ್ಚದು ನಾಳೀಕೆ."

ಬೆಟ್ಟಸ್ವಾಮಿಯ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚಂಪಕಳ ಕೆಲಸ ಸುಲಭವಾಗುತ್ತಿತ್ತು. ನಾಲ್ಕು ಮಾತು ಬೈದು ಹೋಗಬಹುದಿತ್ತು. ಇವನೋ ಮಳೆ ಬಂದಿದೆ, ಹೊಳೆ ತುಂಬಿದೆ ಎಂದು ಹೇಳುವವನಂತೆ ಹೇಳಿ, ಹೋಗುವಾಗ ಅಮ್ಮನ ಸೋಮವಾರದ ನೈವೇದ್ಯಕ್ಕೆಂದು ಒಂದು ಚಿಪ್ಪು ರಸಬಾಳೆಯನ್ನು ಎಲೆಯಲ್ಲಿ ಸುತ್ತಿ ಕೊಡುತ್ತಿದ್ದ. ಈ ಸಲ ಅವಳು ಅದನ್ನು ಅಲ್ಲೇ ಬಿಟ್ಟು ಬಂದಳು. ಅಮ್ಮನಿಂದ ಬೈಸಿಕೊಂಡಳು.

ನಂಜನಗೂಡಿನ ಪೇಟೆಬೀದಿಯಿಂದ ಹೊಳೆಯ ಕಡೆ ತಿರುಗುವ ಓಣಿಯಲ್ಲಿ ಅವರ ಮನೆ. ಮುಂದೆ ಜಗಲಿ, ಪಡಸಾಲೆ, ಪಡಸಾಲೆಗೆ ಬಾಗಿಲು ತೆರೆಯುವ ಅಕ್ಕಪಕ್ಕದ ಎರಡು ಕೋಣೆಗಳು. ಅದಿಷ್ಟೂ ಬೆಟ್ಟಸ್ವಾಮಿಯ ಮಂಡಿ. ಪಕ್ಕದ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋದರೆ ಚಂಪಕ ಮತ್ತು ಅವಳ ತಾಯಿ ಜಾನಕಮ್ಮ ಇರುವ ಭಾಗ. ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಅವಳ ಅಪ್ಪ ನಂಜುಂಡಯ್ಯನವರು ಎಪ್ಪತ್ತೆರಡರ ಯುಗಾದಿಯಲ್ಲಿ ಮುಂಭಾಗವನ್ನು ಹತ್ತು ವರ್ಷದ ಕರಾರಿಗೆ ಕೊಟ್ಟಿದ್ದರು. ಕರಾರು ಮುಗಿಯುವ ಮುನ್ನ ಅವರೇ ಮುಗಿದಿದ್ದರು. ಅವಧಿ ತೀರಿ ಈಗ ವರ್ಷದ ಮೇಲಾಯಿತು. ಗೊನೆಗಳು ಬರುತ್ತಿದ್ದವು, ಮಾಗುತ್ತಿದ್ದವು, ಹೋಗುತ್ತಿದ್ದವು. ಬೆಟ್ಟಸ್ವಾಮಿ ಮಾತ್ರ ಹೋಗಿರಲಿಲ್ಲ.

ಬಾಳೆ ಮಾಗಿಸುವ ಕೆಲಸ ನೋಡಲು ಸುಲಭ. ಕೋಣೆಯ ತುಂಬ ಹಸಿರು ಗೊನೆ ಜೋಡಿಸಿ, ಬೆರಣಿಯೂ ಭತ್ತದ ಹೊಟ್ಟೂ ತುಂಬಿದ ಗಡಿಗೆಗೆ ಕೆಂಡ ಹಾಕಿ ಒಳಗಿಟ್ಟು, ಬಾಗಿಲು ಮುಚ್ಚಿ, ಸಂದಿಗೆಲ್ಲ ಮಣ್ಣು ಮೆತ್ತಿಬಿಡುವುದು. ಹೊಗೆ ಒಳಗೇ ಸುತ್ತಬೇಕು. ನಡುವೆ ಬಾಗಿಲು ತೆಗೆದರೆ ಅರ್ಧ ಗೊನೆ ಮಾಗಿ ಅರ್ಧ ಹಸಿರಾಗಿ ಉಳಿದು, ಆಮೇಲೆ ಎಷ್ಟು ಹೊಗೆ ಕೊಟ್ಟರೂ ಕಲ್ಲಿನಂತೆ ನಿಲ್ಲುತ್ತದೆ. ಬೆಟ್ಟಸ್ವಾಮಿ ಎರಡು ಕೋಣೆಗಳನ್ನು ಒಂದಾದ ಮೇಲೊಂದು ಹೂಡುತ್ತಿದ್ದ. ಇದು ಬಿಚ್ಚುವಾಗ ಅದು ಮೆತ್ತಿರುತ್ತಿತ್ತು, ಅದು ಬಿಚ್ಚುವ ಹೊತ್ತಿಗೆ ಇದು ಮತ್ತೆ ತುಂಬಿರುತ್ತಿತ್ತು. ಚಂಪಕ ಯಾವತ್ತು ಹೋದರೂ ಒಂದಲ್ಲ ಒಂದು ಬಾಗಿಲಿಗೆ ಹಸಿ ಮಣ್ಣು.

ಚಂಪಕಳಿಗೆ ಆ ಜಾಗ ಬೇಕಿದ್ದದ್ದು ಟೈಪಿಂಗ್ ಶಾಲೆಗೆ. ಮೈಸೂರಿನ ಆಡಿಟರೊಬ್ಬರ ಕಚೇರಿಯಲ್ಲಿ ಟೈಪಿಸ್ಟಾಗಿ ಅವಳು ವರ್ಷಗಟ್ಟಲೆ ರೈಲಿನಲ್ಲಿ ಹೋಗಿ ಬಂದಿದ್ದಳು. ಮದುವೆಯ ಮಾತು ಬಂದು ಬಂದು ತಾನಾಗಿಯೇ ನಿಂತುಹೋಗಿತ್ತು. ಅದಕ್ಕಾಗಿ ಅವಳು ಅತ್ತದ್ದೂ ಉಂಟು, ಆಮೇಲೆ ಹಾಯಾದದ್ದೂ ಉಂಟು. ಅದೇ ರೈಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಟೈಪಿಂಗ್ ಕಲಿಯಲೆಂದು ಮೈಸೂರಿಗೆ ಬರುತ್ತಿದ್ದರು. ನಾಲ್ಕು ದಿನ ಬಂದು, ಐದನೆಯ ದಿನ ಅಪ್ಪ ಬೇಡವೆಂದನೆಂದು ನಿಂತುಬಿಡುತ್ತಿದ್ದರು. ಊರ ಹೊರಗೆ ಕಾರ್ಖಾನೆಗಳು ಏಳುತ್ತಿದ್ದವು. ಇಲ್ಲೇ ಕಲಿಸಿದರೆ ಇವರೆಲ್ಲ ಕಲಿಯುತ್ತಾರೆ ಎಂಬುದು ಅವಳ ತಲೆಗೆ ಹೊಕ್ಕಿತು, ಹೊಕ್ಕದ್ದು ಇಳಿಯಲಿಲ್ಲ. ಕೆಲಸ ಬಿಟ್ಟಳು. ಕೂಡಿಟ್ಟದ್ದನ್ನೆಲ್ಲ ಸುರಿದು ಐದು ಹಳೆಯ ಮೆಷಿನ್ ಕೊಂಡಳು. ಅವು ಈಗ ಗೋಣಿ ಹೊದ್ದು ಅಡುಗೆಮನೆಯಲ್ಲಿ, ನಡುಮನೆಯಲ್ಲಿ ಕೂತಿದ್ದವು. ಜಾನಕಮ್ಮ ಅಕ್ಕಿ ಡಬ್ಬಕ್ಕೆ ಕೈ ಹಾಕಬೇಕಾದರೆ ಒಂದು ರೆಮಿಂಗ್ಟನ್ನನ್ನು ಬಳಸಿ ಹೋಗಬೇಕಿತ್ತು.

ಶಾಲೆಗೆ ಮಂಜೂರಾತಿ ಕೊಡುವ ಇಲಾಖೆಯ ಇನ್ಸ್‌ಪೆಕ್ಟರು ದಸರಾ ರಜೆ ಮುಗಿದ ಮೇಲೆ ಜಾಗ ನೋಡಲು ಬರುವುದೆಂದು ಗೊತ್ತಾಗಿತ್ತು. ಎರಡು ಕೋಣೆ, ಗಾಳಿ ಬೆಳಕು, ಬೀದಿಗೆ ಬಾಗಿಲು ಇರಬೇಕು. ಈ ಸಲ ತಪ್ಪಿದರೆ ಮುಂದಿನ ವರ್ಷ. ಮೈಸೂರಿನವರೊಬ್ಬರು ಬಸ್ ಸ್ಟ್ಯಾಂಡಿನ ಎದುರು ಶಾಖೆ ತೆರೆಯುವ ಮಾತಾಡುತ್ತಿದ್ದರು. ಮುಂದಿನ ವರ್ಷಕ್ಕೆ ಅವಳ ಐದು ಮೆಷಿನ್ ಯಾರಿಗೂ ಬೇಕಿರುವುದಿಲ್ಲ.

ವಕೀಲ ಸುಬ್ರಹ್ಮಣ್ಯ ಅಪ್ಪನ ಶಿಷ್ಯ. ಕರಾರುಪತ್ರವನ್ನು ಮೂಗಿನ ಹತ್ತಿರ ಹಿಡಿದು ಓದುತ್ತ ಓದುತ್ತ ಒಂದು ಕಡೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದನ್ನ ಬರೆದೋರು ಯಾರಮ್ಮ?"

"ಅಪ್ಪನೇ ಬರೆದದ್ದು. ಅವರ ಅಕ್ಷರ ಗೊತ್ತಾಗಲ್ವೇ?"

"ಅಕ್ಷರ ಗೊತ್ತು, ಅದಕ್ಕೇ ಹೊಡೆತ ತಿಂದಿದ್ದೀನಿ. ಕೇಳು." ಸುಬ್ರಹ್ಮಣ್ಯ ಗಟ್ಟಿಯಾಗಿ ಓದಿದರು. "'ಅವಧಿ ತೀರಿದಾಗ್ಯೂ ಹೊಗೆಯಲ್ಲಿ ಹಣ್ಣಿರುವಾಗ ಬಾಡಿಗೆದಾರರನ್ನು ಎಬ್ಬಿಸತಕ್ಕದ್ದಲ್ಲ. ಹೊಗೆ ಆರಿ ಕೋಣೆ ಬರಿದಾದ ದಿವಸ ಬಾಡಿಗೆದಾರರು ತಕರಾರಿಲ್ಲದೆ ಕೋಣೆಯನ್ನು ಬಿಟ್ಟುಕೊಡತಕ್ಕದ್ದು.' ಈ ಭೂಮಿ ಮೇಲೆ ಯಾರೂ ಹೀಗೆ ಕರಾರು ಬರೆದಿರಲ್ಲ ಕಣಮ್ಮ."

ಚಂಪಕಳಿಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಅನ್ನದ ಅಗುಳು ಎಲೆಯಲ್ಲಿ ಬಿಟ್ಟರೆ ಮುಖ ಸಿಂಡರಿಸುತ್ತಿದ್ದ ಮನುಷ್ಯ. ಪರರ ಹಣ್ಣು ತನ್ನಿಂದ ಕೆಟ್ಟಿತೆಂಬ ಪಾಪ ಬೇಡವೆಂದು ಬರೆದಿದ್ದರು. ಆ ಹಣ್ಣು ಎಂದಿಗೂ ಮುಗಿಯದು ಎಂಬುದು ಅವರಿಗೆ ಹೊಳೆದಿರಲಿಲ್ಲ.

"ದಾವಾ ಹಾಕೋಣ, ಬೇಡ ಅನ್ನಲ್ಲ," ಎಂದರು ಸುಬ್ರಹ್ಮಣ್ಯ. "ಆದ್ರೆ ಇಲ್ಲಿ ಆಗಿ, ಮೈಸೂರಲ್ಲಿ ಆಗಿ, ಬೆಂಗಳೂರಿಗೆ ಹೋಗಿ ಬರೋ ಹೊತ್ತಿಗೆ ನಿನ್ನ ಮೆಷಿನ್ನಿಗೆಲ್ಲ ತುಕ್ಕು ಹಿಡಿದಿರುತ್ತೆ. ಬೆಟ್ಟಸ್ವಾಮಿ ಕೆಟ್ಟೋನಲ್ಲ. ಆದ್ರೆ ಈ ಮಾತನ್ನ ಹಿಡ್ಕೊಂಡುಬಿಟ್ಟಿದ್ದಾನೆ. ಮೇಷ್ಟ್ರು ಬರೆದುಕೊಟ್ಟಿದ್ದು ಅಂತಾನೆ."

"ಅವರು ಅರ್ಧ ಹಿಡ್ಕೊಂಡಿದ್ದಾರೆ. ಇನ್ನರ್ಧವನ್ನೂ ಅಪ್ಪನೇ ಬರೆದಿರೋದಲ್ವೇ?" ಎಂದಳು ಚಂಪಕ.

ಸುಬ್ರಹ್ಮಣ್ಯ ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟರು. "ಬರಿದಾದ ದಿವಸ ಯಾವುದು, ಅದನ್ನ ಹೇಳು ಮೊದಲು."

ಆ ದಿವಸ ಯಾವುದೆಂದು ಹೇಳಿದ್ದು ಜಾನಕಮ್ಮ. ಅದೂ ಮಗಳಿಗೆ ಸಹಾಯ ಮಾಡಬೇಕೆಂದಲ್ಲ. ಅವರಿಗೆ ಇನ್ನೂ ಮಗಳು ಬಿಟ್ಟು ಬಂದ ಚಿಪ್ಪಿನ ದುಃಖವೇ ಆರಿರಲಿಲ್ಲ. ಹಿತ್ತಲಲ್ಲಿ ಗಳುವಿನ ಮೇಲೆ ಕೋಲಿನಿಂದ ಮಡಿಸೀರೆ ಹರವುತ್ತ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. "ಒಗೆದು ಹಾಕಿದ ಸೀರೆ ಒಣಗೋಕೆ ಮುಂಚೆ ಹೊಗೆ ನಾರುತ್ತೆ. ಮಡಿ ಅಂತೆ ಮಡಿ. ವರ್ಷಕ್ಕೊಂದೇ ದಿನ ನನಗೆ ಒಳ್ಳೆ ಮಡಿ ಸಿಗೋದು, ಮಹಾನವಮಿ ದಿನ."

ಚಂಪಕ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತಳು. "ಯಾಕಮ್ಮ, ಅವತ್ತೇನು?"

"ಅವತ್ತು ಹೊಗೆ ಎಲ್ಲಿರುತ್ತೆ? ಅಷ್ಟಮಿ ದಿನವೇ ಊರಿನ ಗಾಡಿ, ಬಸ್ಸು, ಅಂಗಡಿ ಎಲ್ಲದಕ್ಕೂ ಹಣ್ಣು ಬೇಕು, ಒಂದು ಕಾಯಿ ಉಳಿಯಲ್ಲ. ಕೋಣೆ ತೊಳೆದು ರಂಗೋಲಿ ಬಿಡ್ತಾರೆ. ಗಡಿಗೆಗೆ ಪೂಜೆ ಮಾಡಿದ ಮೇಲೆ ದಶಮಿ ಪೂಜೆ ಆಗೋವರೆಗೂ ಅದಕ್ಕೆ ಬೆಂಕಿ ಹಾಕ್ತಾರೇನೆ? ನೀನು ರೈಲಲ್ಲಿ ಓಡಾಡ್ಕೊಂಡಿದ್ದೆ, ನಿನಗೇನು ಗೊತ್ತು."

ಹೇಳದೆ ಕೇಳದೆ ಆ ದಿನ ಮೆಷಿನ್ ಎತ್ತಿಕೊಂಡು ಒಳಗೆ ನುಗ್ಗಬಹುದಿತ್ತು. ಬುದ್ಧಿಯಿರುವವರು ಹಾಗೇ ಮಾಡುತ್ತಾರೆ. ಚಂಪಕ ಎರಡು ದಿನ ಯೋಚಿಸಿ, ಮೂರನೆಯ ದಿನ ಮಂಡಿಗೆ ಹೋಗಿ ಬೆಟ್ಟಸ್ವಾಮಿಗೆ ನೇರವಾಗಿ ಹೇಳಿಬಿಟ್ಟಳು.

"ನವಮಿ ದಿನ ಕೋಣೆ ಬರಿದಾಗಿರುತ್ತೆ ಸಾಹುಕಾರ್ರೇ. ಅವತ್ತು ನಾನು ಬರ್ತೀನಿ. ಕರಾರಿನಲ್ಲಿ ಹೇಗಿದೆಯೋ ಹಾಗೆ."

ಬೆಟ್ಟಸ್ವಾಮಿ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಬಾಯೊಳಗಿನ ಎಲೆಯನ್ನು ಹೊರಗೆ ಹೋಗಿ ಉಗಿದು ಬಂದ.

"ತಾಯಿ, ಒಂದ್ ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಈ ಗ್ವಾಡೆ ನೋಡಿ. ಕರ್‍ರಗೆ ಎಂಗದೆ. ಅಷ್ಟ್ ಒಗೆ ಕುಡೀಬೇಕು ಗ್ವಾಡೆ, ಆಮೇಲೇ ಅದು ಅಣ್ಣು ಮಾಗ್ಸದು. ಸುರುವ್ನಲ್ಲಿ ನಾಕ್ ವರ್ಸ ನಂಗೆ ಇಲ್ಲಿ ಲುಕ್ಸಾನೇ. ಈಗ ಒಸ ಕೋಣೆಗ್ ಓಗಿ ಅಂತೀರಿ. ನಂಗೀಗ ಅರವತ್ತರ ಅತ್ರ. ಇನ್ನೊಂದ್ ಗ್ವಾಡೆ ಕರ್‍ರಗಾಗದ ಎಲ್ ಕಾಯ್ಲಿ?"

ಅವನು ಹೇಳುತ್ತಿರುವುದು ನಿಜವೆಂದು ಚಂಪಕಳಿಗೆ ಗೊತ್ತಿತ್ತು. ಆದರೂ ಹೇಳಿದಳು: "ನಾನೂ ಕಾಯೋಕಾಗಲ್ಲ. ನವಮಿ ದಿನ ಬರ್ತೀನಿ."

"ಬನ್ನಿ," ಎಂದ ಬೆಟ್ಟಸ್ವಾಮಿ. "ಕೋಣೆ ಬರಿದಾಗಿದ್ರೆ ತಾನೆ."

ಮನೆಗೆ ಬಂದು ಹೇಳಿದಾಗ ಜಾನಕಮ್ಮ ಹಣೆ ಚಚ್ಚಿಕೊಂಡರು. "ಅವನಿಗೆ ಹೇಳಿ ಬಂದ್ಯಾ? ಥೇಟ್ ಅಪ್ಪನ ಮಗಳು ಕಣೇ ನೀನು. ಕಳ್ಳನಿಗೆ ಕಾಗದ ಬರೆದು ಬಾಗಿಲು ಹಾಕೋ ಜನ."

"ಕಳ್ಳ ಅಲ್ಲಮ್ಮ ಅವರು."

"ಅದೇ ಕಷ್ಟ," ಎಂದರು ಜಾನಕಮ್ಮ.

ನವಮಿಯ ಬೆಳಿಗ್ಗೆ ಚಂಪಕ ಸ್ನಾನ ಮಾಡಿ, ಒಂದು ಮೆಷಿನ್ನನ್ನು ಎದೆಗೆ ಅವಚಿಕೊಂಡು ಸಂದಿಯಲ್ಲಿ ಅಡ್ಡಡ್ಡ ನಡೆದು ಮಂಡಿಗೆ ಬಂದಳು. ಪಡಸಾಲೆ ತೊಳೆದು ರಂಗೋಲಿ ಹಾಕಿತ್ತು. ಕಂಬಕ್ಕೆ ಮಾವಿನೆಲೆ. ಹಲಗೆಯ ಮೇಲೆ ತಕ್ಕಡಿ, ಗೊನೆ ಕೊಯ್ಯುವ ಕುಡುಗೋಲು, ನಡುವೆ ಹೊಗೆಯ ಎರಡು ಗಡಿಗೆ; ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟು ಚೆಂಡುಹೂವು ಮುಡಿಸಿದ್ದರು. ಎಡಗಡೆ ಕೋಣೆಯ ಬಾಗಿಲು ಅಗಲವಾಗಿ ತೆರೆದಿತ್ತು, ನೆಲ ಇನ್ನೂ ಒದ್ದೆಯಿತ್ತು. ಬಲಗಡೆ ಕೋಣೆಯ ಬಾಗಿಲಿಗೆ ಮಣ್ಣು ಮೆತ್ತಿತ್ತು.

ಅವಳ ಕಾಲು ಅಲ್ಲೇ ನಿಂತುಹೋಯಿತು. ಆಮೇಲೆ ಮಣ್ಣನ್ನು ಸರಿಯಾಗಿ ನೋಡಿದಳು. ಮಾರಯ್ಯನ ಕೈ ಮುಟ್ಟಿದ ಬಾಗಿಲಲ್ಲಿ ಬೆರಳಿನ ಗುರುತು ಇರುತ್ತಿರಲಿಲ್ಲ. ಇಲ್ಲಿ ಮುದ್ದೆ ಮುದ್ದೆಯಾಗಿ, ಬೆರಳಚ್ಚು ಎದ್ದು, ಒಂದು ಕಡೆ ಜಾರಿ ಹೊಸಲಿಗೆ ಬಿದ್ದಿತ್ತು. ಬೆಟ್ಟಸ್ವಾಮಿಯ ಬಿಳಿ ಪಂಚೆಯ ಅಂಚಿಗೆ ಮಣ್ಣು ಹತ್ತಿತ್ತು. ಮಾರಯ್ಯ ಹೊಸ ಅಂಗಿ ತೊಟ್ಟು ಕಂಬಕ್ಕೆ ಒರಗಿ ಯಾರ ಮುಖವನ್ನೂ ನೋಡದೆ ನಿಂತಿದ್ದ.

"ಆ ಕೋಣೆ ಮೆತ್ತದೆ," ಎಂದ ಬೆಟ್ಟಸ್ವಾಮಿ.

ಹಣ್ಣು ಹೊಗೆಯಲ್ಲಿದೆ ಎಂದು ಅವನು ಹೇಳಲಿಲ್ಲ. ಚಂಪಕ ಅದನ್ನು ಗಮನಿಸಿದಳು.

"ಗಡಿಗೆ ಎರಡೂ ಇಲ್ಲೇ ಇವೆ ಸಾಹುಕಾರ್ರೇ. ಒಳಗೆ ಹೊಗೆ ಎಲ್ಲಿಂದ ಬಂತು?"

ಮಾತಾಡಿದ್ದು ಮಾರಯ್ಯ. "ಬೆಳಿಗ್ಗೆ ಗಾಡೀಲಿ ಗೊನೆ ಬಂತು ಕಣವ್ವ. ರಾತ್ರೀಕೇ ಗಡಿಗೆಗೆ ಪೂಜೆ ಆಗೋಗಿತ್ತು. ಬೆಂಕಿ ಆಕು ಅಂದ್ರು. ಕುಂಕುಮ ಇಟ್ಟ ಗಡಿಗೆಗೆ ನಾ ಆಕಕಿಲ್ಲ ಅಂದೆ. ಒಸ ಗಡಿಗೆ ತರ್ಲಾ ಅಂದೆ, ಅದೂ ಬ್ಯಾಡ, ಇವತ್ತು ಬೆಂಕಿ ಬ್ಯಾಡ ಅಂತ ಅವ್ರೇ ಅಂದ್ರು."

"ಸುಮ್ಕಿರ್ಲಾ," ಎಂದ ಬೆಟ್ಟಸ್ವಾಮಿ. ದನಿಯಲ್ಲಿ ಗದರಿಕೆ ಇರಲಿಲ್ಲ.

ಚಂಪಕ ಜಾರುತ್ತಿದ್ದ ಮೆಷಿನ್ನನ್ನು ಮೇಲಕ್ಕೆತ್ತಿ ಅವಚಿಕೊಂಡಳು. "ಎಡಗಡೆ ಕೋಣೆ ಬರಿದಾಗಿದೆ," ಎಂದಳು.

ಬೆಟ್ಟಸ್ವಾಮಿ ಆ ಕೋಣೆಯ ಕಡೆ ನೋಡಿದ. "ಮೇಸ್ಟ್ರು ಬರ್ದವ್ರೆ, ನಾ ರುಜು ಆಕಿವ್ನಿ. ಇಲ್ಲ ಅನ್ನಕಿಲ್ಲ. ಅದ್ನ ಮಡಿಕಳಿ. ಇದ್ನ ಮಾತ್ರ ಕೇಳ್ಬ್ಯಾಡಿ."

ಅರ್ಧ ಕೊಟ್ಟರೆ ಹೆಂಗಸು ಸುಮ್ಮನಾಗುತ್ತಾಳೆ ಎಂದು ಅವನು ಲೆಕ್ಕ ಹಾಕಿದ್ದ. ಒಂದು ಕೋಣೆಯಿಂದ ಅವಳ ಶಾಲೆ ಆಗುವುದಿಲ್ಲ, ಪಕ್ಕದಲ್ಲಿ ಹೊಗೆ ಏಳುತ್ತಿದ್ದರೆ ಯಾವ ತಂದೆಯೂ ಮಗಳನ್ನು ಕಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವಳು ವಾದ ಮಾಡಲಿಲ್ಲ. ಕೈಯಲ್ಲಿದ್ದದ್ದನ್ನು ಇಳಿಸಿ, ಇನ್ನು ಮೂರು ಸಲ ಸಂದಿಯಲ್ಲಿ ಹೋಗಿ ಬಂದು ನಾಲ್ಕು ಮೆಷಿನ್ನುಗಳನ್ನು ಎಡಗಡೆ ಕೋಣೆಯಲ್ಲಿ ಇಟ್ಟಳು. ಐದನೆಯದಕ್ಕೆ ಮೇಜು ತಂದು, ಆ ಮೇಜನ್ನು ಪಡಸಾಲೆಯಲ್ಲಿ, ಮೆತ್ತಿದ ಬಾಗಿಲಿಗೆ ಒತ್ತಿ ಹಾಕಿ, ಮೆಷಿನ್ನನ್ನು ಅದರ ಮೇಲಿಟ್ಟಳು.

"ಅಲ್ಯಾಕವ್ವ?" ಬೆಟ್ಟಸ್ವಾಮಿಯ ಹುಬ್ಬು ಗಂಟಾಯಿತು.

"ಪಡಸಾಲೇಲಿ ನೀವು ಯಾವತ್ತೂ ಹೊಗೆ ಹಾಕಿಲ್ಲವಲ್ಲ. ಇದೂ ಬರಿದೇ ತಾನೆ?"

ಜಾನಕಮ್ಮ ಮಡಿಯಲ್ಲೇ ಬಂದು ಮೆಷಿನ್ನುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮಂಗಳಾರತಿ ಮಾಡಿದರು. ಕೋಸಂಬರಿ ಹಂಚುವಾಗ ಬೆಟ್ಟಸ್ವಾಮಿಗೂ ಮಾರಯ್ಯನಿಗೂ ದೊನ್ನೆ ತುಂಬ ಕೊಟ್ಟರು. ಇಬ್ಬರೂ ಕಣ್ಣಿಗೊತ್ತಿಕೊಂಡು ತಿಂದರು. ಜಗಳವಾಡುವವರ ಮನೆಯಲ್ಲಿ ಹೀಗೆ ಎಲ್ಲರೂ ಒಟ್ಟಿಗೆ ಕೂತು ಕೋಸಂಬರಿ ತಿನ್ನುವುದು ನೋಡಲು ವಿಚಿತ್ರವಾಗಿತ್ತು.

ಅದಾದ ಮೇಲೆ ಕಾಯುವುದೊಂದೇ ಉಳಿಯಿತು. ಪೂಜೆ ಮಾಡಿದ ಮೆಷಿನ್ನನ್ನು ಅವತ್ತು ಮುಟ್ಟುವಂತಿಲ್ಲ. ಚಂಪಕ ಅದರ ಮುಂದೆ ಕೈಕಟ್ಟಿ ಕೂತಳು. ಪೂಜೆ ಮಾಡಿದ ಗಡಿಗೆಯನ್ನು ಮುಟ್ಟುವಂತಿಲ್ಲ. ಬೆಟ್ಟಸ್ವಾಮಿ ಜಗಲಿಯ ಮೇಲೆ ಮೊಣಕಾಲಿಗೆ ಕೈ ಸುತ್ತಿ ಕೂತ. ಇಬ್ಬರೂ ತಮ್ಮ ತಮ್ಮ ಕೆಲಸ ಬಲ್ಲವರು, ಇಬ್ಬರಿಗೂ ಕೈಗೆ ಕೆಲಸವಿಲ್ಲ. ಓಣಿಯಲ್ಲಿ ಹೂವು ಮುಡಿಸಿಕೊಂಡ ಸೈಕಲ್ಲುಗಳು ಓಡಾಡಿದವು. ಹುಲ್ಲಹಳ್ಳಿಯ ಬಸ್ಸು ಬಾಳೆಕಂದು ಕಟ್ಟಿಕೊಂಡು ಪೇಟೆಬೀದಿಯಲ್ಲಿ ಹಾರನ್ ಹೊಡೆಯುತ್ತ ಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ಬೆಟ್ಟಸ್ವಾಮಿ ಮನೆಗೆ ಹೋದ. ಚಂಪಕ ಅಲ್ಲೇ ಪಡಸಾಲೆಯಲ್ಲಿ ಚಾಪೆ ಹಾಸಿದಳು.

ದಶಮಿಯ ಬೆಳಿಗ್ಗೆ ಜಾನಕಮ್ಮ ಮತ್ತೊಮ್ಮೆ ಪೂಜೆ ಮಾಡಿ ಮೆಷಿನ್ನಿನ ಮೇಲಿನ ಹೂವನ್ನು ತೆಗೆದು ಮಗಳ ಕೈಗಿಟ್ಟರು. ಹೂವನ್ನು ತಲೆಗೆ ಸಿಕ್ಕಿಸಿಕೊಂಡು ಚಂಪಕ ಒಂದು ಹಾಳೆ ಏರಿಸಿ ಕುಟ್ಟತೊಡಗಿದಳು. ಆ ಸದ್ದು ಕೋಣೆಯಿಂದ ಕೋಣೆಗೆ ಹೊಕ್ಕು ಬೀದಿಗೆ ಹೋಯಿತು. ಇಬ್ಬರು ಹುಡುಗಿಯರು ನಿಂತು ನೋಡಿದರು. ಬೆಟ್ಟಸ್ವಾಮಿಯೂ ಬಂದ. ಅವನ ಗಡಿಗೆಯ ಪೂಜೆಯೂ ಮುಗಿಯಿತು; ಈಗ ಬೆಂಕಿ ಹಾಕಲು ಅಡ್ಡಿಯಿಲ್ಲ. ಆದರೆ ಬೆಂಕಿಯನ್ನು ಒಳಗಿಡಬೇಕಾದರೆ ಮೆತ್ತಿದ ಬಾಗಿಲು ತೆಗೆಯಬೇಕು, ಬಾಗಿಲು ತೆಗೆಯಬೇಕಾದರೆ ಅವಳ ಮೇಜು ಸರಿಯಬೇಕು.

ಅವನು ಕೇಳಲಿಲ್ಲ. ಬಂದು ನಿಂತ, ಹೋದ, ಮತ್ತೆ ಬಂದ. ಬಾಗಿಲ ಮಣ್ಣಿಗೆ ಅಂಗೈ ಇಟ್ಟು ನೋಡಿದ.

"ಒಳಗೆ ಕಾವು ಎದ್ದದೆ," ಎಂದು ಮಾರಯ್ಯನಿಗೆ ಹೇಳಿದ. ಚಂಪಕ ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಬಿಸಿಲೇರಿತು. ಬೆಟ್ಟಸ್ವಾಮಿಗೆ ಜಗಲಿಯಲ್ಲಿ ಕೂರಲಾಗಲಿಲ್ಲ. ಹೊಗೆಯಿಲ್ಲದೆ ಮುಚ್ಚಿದ ಕೋಣೆಯಲ್ಲಿ ಹಸಿ ಗೊನೆಗೆ ಏನಾಗುತ್ತದೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತೊಟ್ಟು ಬೆವರುತ್ತದೆ, ಬೆವರಿದ ಕಡೆ ಬೂಸು ಕೂರುತ್ತದೆ, ಮಾಗುವ ಮುನ್ನವೇ ಕೊಳೆಯುತ್ತದೆ. ಎರಡು ಮೂರು ವರ್ಷದಿಂದ ತೋಟಗಳಿಗೆ ರೋಗ ಬಿದ್ದು ರಸಬಾಳೆ ಸಿಗುವುದೇ ಅಪರೂಪವಾಗಿತ್ತು. ಬಾಗಿಲು ಮೆತ್ತುವ ನೆಪಕ್ಕೆ ಯಾವ ಕಾಯಾದರೂ ನಡೆಯುತ್ತಿತ್ತು. ಆದರೆ ಅವನ ಕೈ ಕೇಳಿರಲಿಲ್ಲ, ದೇವರಸನಹಳ್ಳಿಯ ತೋಟದಿಂದ ಒಳ್ಳೊಳ್ಳೆಯ ಗೊನೆಗಳನ್ನೇ ಆರಿಸಿ ತರಿಸಿದ್ದ.

ಮಧ್ಯಾಹ್ನ ಅವನು ಮೇಜಿನ ಎದುರು ಬಂದು ನಿಂತ.

"ತಾಯಿ. ಅಣ್ಣು ಉಸ್ರು ಕಟ್ಟತದೆ. ಮೇಜು ಸರ್ಸಿ."

ಚಂಪಕ ಕೈ ನಿಲ್ಲಿಸಿದಳು. "ಸರಿಸ್ತೀನಿ. ಆದ್ರೆ ಬಾಗಿಲು ತೆಗೆದಾಗ ಒಳಗೆ ಹೊಗೆ ಇರಲ್ಲ."

"ಗೊತ್ತು."

ಅವಳು ಎದ್ದು ಮೇಜನ್ನು ಎಳೆದಳು. ಬೆಟ್ಟಸ್ವಾಮಿ ಮಾರಯ್ಯನನ್ನು ಕರೆಯಲಿಲ್ಲ. ತಾನೇ ಕೂತು ಒಣಗಿದ ಮಣ್ಣನ್ನು ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಕೆಡವಿದ. ಬಾಗಿಲು ತೆರೆದಾಗ ಬಿಸಿಯಾದ ಹಸಿ ಗಾಳಿ ಪಡಸಾಲೆಗೆ ನುಗ್ಗಿತು. ಅವನು ಒಳಗೆ ಹೋಗಿ ಒಂದೊಂದು ಗೊನೆಗೂ ಮುಂಗೈ ತಾಗಿಸಿ ನೋಡಿದ. ಕೆಳಗಿನ ಸಾಲಿನದನ್ನು ತಿರುಗಿಸಿ, ಮೂಸಿ, ಪಂಚೆಯ ಅಂಚಿನಿಂದ ತೊಟ್ಟು ಒರೆಸಿದ.

"ಕೆಟ್ಟಿಲ್ಲ," ಎಂದ. ಯಾರಿಗೆ ಹೇಳಿದನೋ.

ಗಡಿಗೆ ಮೂರು ಮಾರು ದೂರದಲ್ಲಿತ್ತು. ಜಗಲಿಯಲ್ಲಿ ಬೆರಣಿ ಒಟ್ಟಿತ್ತು. ಒಂದು ಹಿಡಿ ಕೆಂಡ ತಂದು ಹಾಕಿ ಬಾಗಿಲು ಮುಚ್ಚಿಬಿಟ್ಟರೆ ಹಣ್ಣು ಮತ್ತೆ ಹೊಗೆಯಲ್ಲಿರುತ್ತದೆ. ಮತ್ತೆ ವರ್ಷಗಟ್ಟಲೆ ಇರುತ್ತದೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬೆಟ್ಟಸ್ವಾಮಿ ಗಡಿಗೆಯ ಕಡೆ ನೋಡಿದ. ಚಂಪಕ ಬಾಗಿಲ ಬಳಿ ಬಂದು ನಿಂತಳು. ಅವನು ಗಡಿಗೆಗೆ ಕೈ ಹಾಕಿದರೆ ತಡೆಯುವ ಬಲ ತನ್ನಲ್ಲಿ ಇಲ್ಲವೆಂದೂ, ಆದರೂ ಆ ಬಾಗಿಲಿಂದ ತಾನು ಕದಲುವುದಿಲ್ಲವೆಂದೂ ಅವಳಿಗೆ ಒಟ್ಟಿಗೇ ಅನ್ನಿಸಿತು.

"ಕೋಣೇಲಿ ಒಗೆ ಇಲ್ಲ ತಾಯಿ," ಎಂದ ಬೆಟ್ಟಸ್ವಾಮಿ. ಆಮೇಲೆ ಹೊರಗೆ ತಿರುಗಿ, "ಲೇ ಮಾರಯ್ಯ, ಗಾಡಿ ಕರ್ಕಂಡ್ ಬಾ. ಮಾರ್ಕೆಟ್ ಯಾರ್ಡಿನ ಅತ್ರ ನಮ್ಮ ಬಾಮೈದ್ನ ಕೊಟ್ಟಿಗೆ ಅದಲ್ಲ, ಅಲ್ಲಿಗ್ ಆಕದು. ಬಿಸ್ಲು ಇಳಿಯೋ ಒತ್ಗೆ ಒಗೆ ಕೊಡ್ಬೇಕು."

ಗಾಡಿ ಬಂತು. ಬೆಟ್ಟಸ್ವಾಮಿ ಒಂದು ಗೊನೆಯನ್ನು ಹೆಗಲಿಗೇರಿಸಿಕೊಂಡ, ಮಾರಯ್ಯ ಒಂದನ್ನು. ಚಂಪಕ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದವಳು ಸೆರಗು ಸಿಕ್ಕಿಸಿ ಒಳಗೆ ಹೋಗಿ ಒಂದು ಗೊನೆಗೆ ಕೈ ಹಾಕಿದಳು.

"ನಿಮ್ಗ್ಯಾಕ್ ತಾಯಿ, ಬುಡಿ."

"ಇರಲಿ."

"ಅಂಗಲ್ಲ. ದಿಂಡು ಮ್ಯಾಕೆ ಬರಂಗ್ ಇಡ್ಕಳಿ. ಕಾಯಿ ಮೈಗೆ ಉಜ್ಜುದ್ರೆ ಆ ಜಾಗ ಕರ್‍ರಗಾಯ್ತದೆ."

ಅವನು ತೋರಿಸಿದಂತೆ ಹಿಡಿದಳು. ಮೆಷಿನ್ನಿಗಿಂತ ಭಾರವಿತ್ತು. ಕೊಯ್ದ ದಿಂಡಿನಿಂದ ಸೊನೆ ಇಳಿದು ಅವಳ ಅಂಗೈ, ಮುಂಗೈ, ಸೀರೆಯ ನೆರಿಗೆಗೆಲ್ಲ ಅಂಟಿತು. ಸಂದಿಯ ಬಾಗಿಲಲ್ಲಿ ನಿಂತಿದ್ದ ಜಾನಕಮ್ಮ ಸೀರೆ ಹಾಳಾಯಿತೆಂದು ಬಾಯಿ ತೆರೆದವರು ಏನೂ ಅನ್ನದೆ ಒಳಗೆ ಹೋದರು. ಕೊನೆಯ ಗೊನೆ ಗಾಡಿಗೇರಿದ ಮೇಲೆ ಬೆಟ್ಟಸ್ವಾಮಿ ಮೇಲೆ ಹುಲ್ಲು ಹೊದಿಸಿ, ಎರಡೂ ಗಡಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ. "ಬತ್ತೀನಿ ತಾಯಿ. ತಕ್ಕಡಿ, ಗೋಣಿಚೀಲಕ್ಕೆ ನಾಳೀಕೆ ಮಾರಯ್ಯನ್ ಕಳಿಸ್ತೀನಿ," ಎಂದ. ಚಂಪಕ ಕೈಮುಗಿದಳು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಅವನು ಹಿಂದೆ ತಿರುಗಿ ಹುಲ್ಲು ಸರಿಯಾಗಿದೆಯೇ ಎಂದು ನೋಡುತ್ತಿದ್ದ.

ಅವಳಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅಳುವೂ ಬರುವುದಾದರೆ ಬರಲಿ ಎಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ಪಡಸಾಲೆ ಗುಡಿಸಿ, ಮಣ್ಣಿನ ಹೆಂಟೆಗಳನ್ನು ಬುಟ್ಟಿಗೆ ತುಂಬಿ, ಮೇಜನ್ನು ಬಲಗಡೆ ಕೋಣೆಯೊಳಕ್ಕೆ ಎಳೆದು ತಂದಳು. ಕೈ ತೊಳೆದರೂ ಅಂಟು ಹೋಗಲಿಲ್ಲ. ಇನ್ಸ್‌ಪೆಕ್ಟರಿಗೆ ಕೊಡಬೇಕಾದ ಅರ್ಜಿಯಲ್ಲಿ ಜಾಗದ ವಿವರ ಎಂಬ ಕಡೆ ಇಷ್ಟು ದಿನ ಖಾಲಿ ಬಿಟ್ಟಿದ್ದಳು. ಹೊಸ ಹಾಳೆಯೊಂದನ್ನು ತೆಗೆದು ರೋಲರಿಗೆ ಏರಿಸಿದಾಗ ಹೆಬ್ಬೆರಳಿನ ಸೊನೆ ಹಾಳೆಯ ಅಂಚಿಗೆ ಕಂದು ಬಣ್ಣದಲ್ಲಿ ಒತ್ತಿಕೊಂಡಿತು. ಚಂಪಕ ಆ ಗುರುತನ್ನು ನೋಡಿದಳು. ಹಾಳೆ ಬದಲಿಸಲಿಲ್ಲ. ಎರಡು ಕೋಣೆ, ಒಂದು ಪಡಸಾಲೆ ಎಂದು ಕುಟ್ಟುತ್ತ ಹೋದಳು. ಸಾಲು ಮುಗಿದ ಗಂಟೆ ಬಡಿಯಿತು, ಕ್ಯಾರೇಜನ್ನು ತಳ್ಳಿ ಮುಂದಿನ ಸಾಲಿಗೆ ಹೋದಳು.